‘ಫ್ರಿಜ್ಜಲ್ಲೇ ಇತ್ತಲ್ಲಮ್ಮ’

(1/6)
ಫೋಟೋ ಝೂಮ್ ಮಾಡಿ ನೋಡಿ. ನಮ್ಮನೆ ಫ್ರಿಜ್ಜಿನ ಬಾಗಿಲು ಇದು. ಎರಡು ನೀರಿನ ಬಾಟಲಿ, ಅರ್ಧ ನಿಂಬೆಹಣ್ಣು, ಅಮ್ಮನ ಕಣ್ಣಿನ ಡ್ರಾಪ್ಸು, ಮೇಲೆ ಮೊಟ್ಟೆ ಇಡೋ ಗುಳಿಗಳು. ಸರಿಯಾಗಿ ಇಂಥದ್ದೇ ಗುಳಿಗಳ ಪಕ್ಕದಲ್ಲಿ ನನ್ನ ಅಕ್ಕನ ಪಾಪುವಿನ ಲಸಿಕೆ ಇತ್ತು. ಮನೇಲಲ್ಲ, ಕ್ಲಿನಿಕ್ಕಲ್ಲಿ. (ಯಾವ ಕ್ಲಿನಿಕ್ಕು ಅಂತ ಡಿಎಂ ಮಾಡಬೇಡಿ, ಹೇಳಲ್ಲ. ನಿಮ್ಮೂರಲ್ಲೂ ಒಂದು ಇದೆ.)

ಪಾಪುಗೆ ಆಗ ಮೂರೂವರೆ ತಿಂಗಳು. ಪೆಂಟಾ ಮೂರನೇ ಡೋಸ್. ಕಾಂಪೌಂಡರ್ ಅಣ್ಣ ಫ್ರಿಜ್ ತೆಗೆದ್ರು, ಬಾಗಿಲಿಂದ ಪುಟ್ಟ ಡಬ್ಬಿ ತೆಗೆದ್ರು. ಕೆಳಗಿನ ಶೆಲ್ಫಲ್ಲಿ ಯಾರದ್ದೋ ಊಟದ ಕ್ಯಾರಿಯರ್. ಒಂದು ಥರ್ಮಾಮೀಟರ್ ಕೂಡ ಇಲ್ಲ. ನಾನು ಕೇಳ್ದೆ, ‘ಅಣ್ಣ, ಇದರಲ್ಲಿ ಟೆಂಪರೇಚರ್ ಎಷ್ಟಿರುತ್ತೆ?’ ಅವರು ನಕ್ಕುಬಿಟ್ರು. ‘ಫ್ರಿಜ್ಜಲ್ಲೇ ಇತ್ತಲ್ಲಮ್ಮ, ಇನ್ನೇನು ಬೇಕು?’

ಅಕ್ಕ ನನ್ನ ಕೈ ಅದುಮಿದಳು, ಸುಮ್ನಿರು ಅಂತ. ಒಳಗೆ ಡಾಕ್ಟ್ರು ಕಾಯ್ತಿದ್ರು. ನಾನು ನರ್ಸಿಂಗ್ ಕೊನೇ ವರ್ಷ. ಕೋಲ್ಡ್ ಚೈನ್ ಬಗ್ಗೆ ಪರೀಕ್ಷೆಯಲ್ಲಿ ಎರಡು ಪುಟ ಬರೆದು ಬಂದವಳು. ಸುಮ್ಮನಾದೆ. ಸೂಜಿ ಬಿತ್ತು, ಪಾಪು ಅತ್ತಿತು, ದುಡ್ಡು ಕೊಟ್ಟು ಬಂದ್ವಿ.

(2/6)
‘ಫ್ರಿಜ್ಜಲ್ಲಿ ಇತ್ತು’ ಅನ್ನೋದು ಉತ್ತರವೇ ಅಲ್ಲ. ನನ್ನ ಜಗಳ ಈ ಮಾತಿನ ಜೊತೆ.

ಲಸಿಕೆಗೆ ಬೇಕಾಗಿರೋದು ಫ್ರಿಜ್ ಅಲ್ಲ, 2ರಿಂದ 8 ಡಿಗ್ರಿ ಸೆಲ್ಸಿಯಸ್. ತಯಾರಾದ ಕಾರ್ಖಾನೆಯಿಂದ ಮಗುವಿನ ತೊಡೆವರೆಗೂ ಅಷ್ಟೇ ಇರಬೇಕು. ಮನೆ ಫ್ರಿಜ್ಜಿನ ಬಾಗಿಲನ್ನ ದಿನಕ್ಕೆ ಎಷ್ಟು ಸಲ ತೆಗೀತೀವಿ ನೀವೇ ಎಣಿಸಿ. ತಣ್ಣನೆ ಗಾಳಿಗೆ ತೂಕ ಜಾಸ್ತಿ, ಬಾಗಿಲು ತೆಗೆದ ತಕ್ಷಣ ನಿಮ್ಮ ಕಾಲ ಮೇಲೆ ಸುರಿದು ಹೋಗುತ್ತೆ. ಹಾಗಾಗಿ ಬಾಗಿಲಲ್ಲಿ ಇಟ್ಟಿದ್ದು ಬೆಚ್ಚಗಾಗುತ್ತೆ. ಅದೇ ಫ್ರಿಜ್ಜಲ್ಲಿ ಫ್ರೀಜರ್ ಡಬ್ಬಿಗೆ ತಾಗಿಸಿ ಇಟ್ಟಿದ್ದು ಹೆಪ್ಪುಗಟ್ಟುತ್ತೆ. ಒಂದೇ ಪೆಟ್ಟಿಗೆಯೊಳಗೆ ಎರಡು ಹವಾಮಾನ.

ಸರ್ಕಾರಿ ಆಸ್ಪತ್ರೆಯಲ್ಲಿ ಇರೋ ಐಎಲ್ಆರ್ ನೋಡಿದ್ದೀರಾ? ಐಸ್‌ಕ್ರೀಂ ಅಂಗಡಿ ಪೆಟ್ಟಿಗೆ ಥರ ಮುಚ್ಚಳ ಮೇಲಕ್ಕೆ ತೆಗೆಯುತ್ತೆ. ತೆಗೆದರೂ ತಣ್ಣನೆ ಗಾಳಿ ಒಳಗೇ ಕೂತಿರುತ್ತೆ. ಒಳಗೋಡೆಗೆ ಐಸಿನ ಪದರ ಇರೋದರಿಂದ, ದಿನಕ್ಕೆ 8 ಗಂಟೆ ಕರೆಂಟ್ ಬಂದರೂ ಸಾಕು, ತಾಳ್ಕೊಳ್ಳುತ್ತೆ. ಬೆಳಗ್ಗೆ ಒಂದ್ಸಲ, ಸಂಜೆ ಒಂದ್ಸಲ ಟೆಂಪರೇಚರ್ ನೋಡಿ ಪುಸ್ತಕದಲ್ಲಿ ಬರೀತಾರೆ. ‘ಗವರ್ನಮೆಂಟ್ ಆಸ್ಪತ್ರೆನಾ, ಛೀ’ ಅಂತ ಮೂಗು ಮುರಿದು ಎಸಿ ಇರೋ ಕ್ಲಿನಿಕ್ಕಿಗೆ ಓಡ್ತೀವಲ್ಲ, ಎಸಿ ಇರೋದು ನಮಗೆ. ಲಸಿಕೆಗೆ ಏನಿದೆ ಅಂತ ಯಾರಾದ್ರೂ ಕೇಳಿದ್ದೀರಾ?

(3/6)
ಈಗ ನಮ್ಮ ಕ್ಲಾಸಲ್ಲೂ ಅರ್ಧ ಜನ ತಪ್ಪು ಹೇಳೋ ವಿಷಯ. ಲಸಿಕೆಯ ಶತ್ರು ಬಿಸಿ ಮಾತ್ರ ಅಂದ್ಕೊಂಡಿದ್ದೀವಿ. ಬಾಯಿಗೆ ಹಾಕೋ ಪೋಲಿಯೋ ಹನಿಗೆ ಅದು ನಿಜ, ಬಿಸಿ ಅಂದ್ರೆ ಅದಕ್ಕೆ ಆಗೋದೇ ಇಲ್ಲ. ಪೆಂಟಾ, ಹೆಪಟೈಟಿಸ್ ಬಿ, ಟಿಡಿ ಇವೆಲ್ಲ ಉಲ್ಟಾ. ಇವು ಹೆಪ್ಪುಗಟ್ಟಿದರೆ ಮುಗೀತು. ಒಳಗಿರೋ ಅಲ್ಯೂಮಿನಿಯಂ ಲವಣದ ಸಣ್ಣ ಕಣಗಳು ಒಂದಕ್ಕೊಂದು ಅಂಟಿ ಗಂಟಾಗ್ತವೆ. ಆಮೇಲೆ ಕರಗಿಸಿದರೂ ಮೊದಲಿನ ಥರ ಆಗಲ್ಲ. ಒಡೆದ ಹಾಲನ್ನ ಮತ್ತೆ ಹಾಲು ಮಾಡೋಕಾಗುತ್ತಾ?

ಇನ್ನೂ ಕೆಟ್ಟ ಸುದ್ದಿ. ವಯಲ್ ಮೇಲೆ ವಿವಿಎಂ ಅಂತ ಒಂದು ಗುರುತು ಇರುತ್ತೆ, ಬಣ್ಣದ ವೃತ್ತ, ಒಳಗೆ ತಿಳಿಯಾದ ಚೌಕ. ಬಿಸಿ ತಾಗಿದಷ್ಟೂ ಚೌಕ ಕಪ್ಪಾಗುತ್ತೆ. ಚೌಕ ವೃತ್ತದ ಬಣ್ಣಕ್ಕೆ ಬಂದರೆ ಬಿಸಾಡಬೇಕು. ಎಷ್ಟು ಸರಳ ನೋಡಿ, ಓದು ಬಾರದ ಅಜ್ಜಿಗೂ ಅರ್ಥ ಆಗುತ್ತೆ. ಆದರೆ ಹೆಪ್ಪುಗಟ್ಟಿದ್ದನ್ನ ಇದು ತೋರಿಸಲ್ಲ. ಐಸ್ ಆಗಿ ಹಾಳಾದ ಪೆಂಟಾ ವಯಲ್ ಮೇಲೂ ಚೌಕ ಬೆಳ್ಳಗೆ ನಗ್ತಾ ಇರುತ್ತೆ. ಖಾಸಗಿಯಾಗಿ ಮಾರೋ ಎಷ್ಟೋ ಲಸಿಕೆಗಳ ಮೇಲೆ ಈ ಗುರುತೇ ಇರಲ್ಲ.

ಪೋಸ್ಟಿಂಗಲ್ಲಿ ನಮ್ಮ ಸಿಸ್ಟರ್ ಒಬ್ಬರು ಕಲಿಸಿದ್ದು ಹೇಳ್ತೀನಿ, ಪುಸ್ತಕದಲ್ಲಿ ಓದಿದಾಗ ತಲೆಗೆ ಹತ್ತಿರಲಿಲ್ಲ. ಕ್ಯಾರಿಯರ್‌ಗೆ ಹಾಕೋ ನಾಲ್ಕು ಐಸ್‌ಪ್ಯಾಕನ್ನ ಫ್ರೀಜರಿಂದ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟು ಕಾಯ್ತಿದ್ರು. ಐಸ್‌ಪ್ಯಾಕ್ ಬೆವರಬೇಕಂತೆ. ನಡುನಡುವೆ ಒಂದನ್ನ ಎತ್ತಿ ಕಿವಿ ಹತ್ರ ಹಿಡಿದು ಅಲ್ಲಾಡಿಸೋರು. ಒಳಗೆ ಗುಳುಗುಳು ಅಂತ ನೀರಿನ ಸದ್ದು ಬಂದಮೇಲೇ ಕ್ಯಾರಿಯರ್ ಒಳಗೆ. ಕಲ್ಲಿನಂಥ ಐಸನ್ನ ಹಾಗೇ ಹಾಕಿದ್ರೆ ಪೆಂಟಾ ದಾರೀಲೇ ಹೆಪ್ಪುಗಟ್ಟುತ್ತೆ. ಹೊರಗೆ ಗಾಡಿಯವನು ಹಾರನ್ ಹೊಡೀತಿದ್ದ. ಅವರು ತಲೆ ಎತ್ತಲಿಲ್ಲ.

(4/6)
ಹಿಂದಿನ ಪೋಸ್ಟ್ ಕೆಳಗೆ ಒಬ್ಬ ಮಹಾನುಭಾವ ಬರೆದಿದ್ದಾನೆ, ‘ಇದಕ್ಕೇ ನಾವು ಲಸಿಕೆನೇ ಹಾಕಿಸಲ್ಲ’ ಅಂತ. ಲೈಕ್ ಬೇರೆ ಬಿದ್ದಿದೆ. ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಕಥೆ ಇದು. ನಮ್ಮ ದೇಶದ ಕೊನೇ ಕಾಡು ಪೋಲಿಯೋ ಪ್ರಕರಣ ಜನವರಿ 2011ರದ್ದು, ಪಶ್ಚಿಮ ಬಂಗಾಳದ ಹೌರಾದಲ್ಲಿ. ಬಿಸಿ ತಾಳದ ಆ ಹನಿಯನ್ನ ನಮ್ಮ ಬೇಸಿಗೆಯಲ್ಲಿ ಭುಜಕ್ಕೆ ನೇತುಹಾಕ್ಕೊಂಡು ಮನೆಮನೆಗೆ ಒಯ್ದವರಿಂದ ಅದು ಸಾಧ್ಯ ಆಯ್ತು. ತಣ್ಣಗೆ ಇಟ್ಟ ಲಸಿಕೆ ಕೆಲಸ ಮಾಡುತ್ತೆ. ಕೆಟ್ಟು ಹೋದ ಪೆಂಟಾ ಹಾಕಿಸಿಕೊಂಡ ಮಗುವೂ, ನಿನ್ನ ಹಾಗೆ ಹಾಕಿಸದೇ ಬಿಟ್ಟವರ ಮಗುವೂ ಗಂಟಲುಮಾರಿ, ನಾಯಿಕೆಮ್ಮಿನ ಮುಂದೆ ಹೆಚ್ಚುಕಮ್ಮಿ ಒಂದೇ. ಒಬ್ಬರಿಗೆ ಕಾರ್ಡಲ್ಲಿ ಟಿಕ್ ಇದೆ, ಅಷ್ಟೇ ವ್ಯತ್ಯಾಸ. ನನ್ನ ಸಿಟ್ಟೆಲ್ಲ ಆ ಸುಳ್ಳು ಟಿಕ್ ಮೇಲೆ.

(5/6)
ಜನವರಿ 2022. ಬೆಳಗಾವಿ ಜಿಲ್ಲೆ ರಾಮದುರ್ಗ ತಾಲ್ಲೂಕು. ದಡಾರ-ರುಬೆಲ್ಲಾ ಲಸಿಕೆ ಹಾಕಿಸಿಕೊಂಡ ಮೇಲೆ 3 ಕೂಸುಗಳು ತೀರಿಕೊಂಡವು. ಲಸಿಕೆಯನ್ನ ಹೋಟೆಲೊಂದರ ಫ್ರಿಜ್ಜಲ್ಲಿ ಇಟ್ಟಿದ್ದರು ಅಂತ ಆಗ ವರದಿಯಾಯ್ತು. ಸಿಬ್ಬಂದಿ ಸಸ್ಪೆಂಡ್. ನಾವೆಲ್ಲ ಎರಡು ದಿನ ಸ್ಟೋರಿ ಹಾಕಿ ಮರೆತೆವು.

ಎಂಆರ್ ಪುಡಿ ರೂಪದ ಲಸಿಕೆ, ದ್ರಾವಣ ಬೆರೆಸಿ ಕೊಡಬೇಕು. ಅದರಲ್ಲಿ ಕೀಟಾಣು ತಡೆಯೋ ಸಂರಕ್ಷಕ ಇರಲ್ಲ. ಅದಕ್ಕೇ ಬೆರೆಸಿದ ಸಮಯ ವಯಲ್ ಮೇಲೆ ಬರೀಬೇಕು, 4 ಗಂಟೆ ದಾಟಿದರೆ ಎಷ್ಟೇ ಉಳಿದಿರಲಿ ಎಸೀಬೇಕು. ಈ ಶಿಸ್ತು ತಪ್ಪಿದರೆ ಏನಾಗುತ್ತೆ ಅಂತ 2017ರಲ್ಲಿ ದಕ್ಷಿಣ ಸುಡಾನ್ ತೋರಿಸ್ತು. ಒಂದು ದಡಾರ ಅಭಿಯಾನದಲ್ಲಿ ನಾಲ್ಕು ದಿನ ತಂಪಿಲ್ಲದೆ ಇಟ್ಟ ಲಸಿಕೆ, ಬೆರೆಸೋಕೆ ಅಷ್ಟೂ ದಿನ ಒಂದೇ ಸಿರಿಂಜ್. 15 ಮಕ್ಕಳು ಹೋದರು. ಕೊಂದಿದ್ದು ಲಸಿಕೆ ಅಲ್ಲ, ಅದರೊಳಗೆ ಸೇರಿಕೊಂಡ ಸೋಂಕು.

ತಪ್ಪು ಮಾಡಿದವರಿಗೆ ಶಿಕ್ಷೆ ಆಗಲಿ, ಬೇಡ ಅನ್ನಲ್ಲ. ಆದರೆ ಸಸ್ಪೆಂಡ್ ಆರ್ಡರ್‌ನಿಂದ ಯಾವ ಫ್ರಿಜ್ಜೂ ತಣ್ಣಗಾಗಲ್ಲ. ಒಬ್ಬ ಸಿಸ್ಟರ್ ಲಸಿಕೆನ ಇನ್ಯಾರದೋ ಫ್ರಿಜ್ಜಲ್ಲಿ ಇಡೋ ಯೋಚನೆ ಮಾಡ್ತಾರೆ ಅಂದ್ರೆ, ಅವತ್ತು ಅವರಿಗೆ ಗಾಡಿ ಇತ್ತಾ, ಉಳಿದದ್ದನ್ನ ಸಂಜೆಯೊಳಗೆ ವಾಪಸ್ ತಗೊಂಡು ಹೋಗೋಕೆ ಜನ ಇದ್ರಾ, ಒಬ್ಬರ ತಲೆ ಮೇಲೆ ಎಷ್ಟು ಹಳ್ಳಿ ಇತ್ತು, ಇದನ್ನೂ ಕೇಳಬೇಕು. ಇನ್ನು ‘ವೇಸ್ಟೇಜ್’ ಅನ್ನೋ ಭೂತ. ಒಂದೇ ಮಗು ಬಂದರೂ ವಯಲ್ ತೆರೀಬೇಕು ಅಂತಲೇ ನಿಯಮ ಇದೆ. ಆದರೂ ಮೀಟಿಂಗಲ್ಲಿ ‘ಯಾಕಮ್ಮ ಇಷ್ಟು ವೇಸ್ಟು?’ ಅಂತ ಎಲ್ಲರ ಮುಂದೆ ಬೈದರೆ, ಮುಂದಿನ ವಾರ ಆಕೆ ಉಳಿದ ಡೋಸನ್ನ ಎಸೆಯೋ ಮುಂಚೆ ಹತ್ತು ಸಲ ಯೋಚಿಸ್ತಾಳೆ. ಆ ಯೋಚನೆಯೇ ಅಪಾಯ.

(6/6)
ಕ್ಲಾಸ್‌ಮೇಟ್ಸ್, ಇದು ನಿಮಗೆ. ಒಬ್ಬಳು ಮೆಸೇಜ್ ಮಾಡಿದ್ದಾಳೆ, ‘ಸಣ್ಣ ಕ್ಲಿನಿಕ್ಕಿನವರು ಏನೇ ಮಾಡ್ತಾರೆ, ಅವರಿಗೆ ಐಎಲ್ಆರ್ ಎಲ್ಲಿಂದ ಬರಬೇಕು’ ಅಂತ. ನಾಳೆ ನಾವೇ ಅಲ್ಲಿ ಕೆಲಸಕ್ಕೆ ಸೇರೋದು ಕಣೇ, ಅದಕ್ಕೇ ಹೇಳ್ತಿದ್ದೀನಿ. ಥರ್ಮಾಮೀಟರ್‌ಗೆ ಕೆಲವೇ ನೂರು ರೂಪಾಯಿ. ಲಸಿಕೆ ನಡುವಿನ ಶೆಲ್ಫಲ್ಲಿ, ಬಾಗಿಲಲ್ಲಿ ನೀರಿನ ಬಾಟಲಿ ಮಾತ್ರ, ಊಟದ ಡಬ್ಬಿ ಹೊರಗೆ. ಪ್ಲಗ್ ಮೇಲೆ ‘ತೆಗೆಯಬೇಡಿ’ ಅಂತ ಚೀಟಿ. ಕರೆಂಟ್ ಹೋದರೆ ಲಸಿಕೆ ಎಲ್ಲಿಗೆ ಒಯ್ಯಬೇಕು ಅಂತ ಮೊದಲೇ ಗೊತ್ತಿರಬೇಕು. ಇಷ್ಟೂ ಆಗದಿದ್ದರೆ ಲಸಿಕೆ ಇಟ್ಕೋಬಾರದು, ‘ಪಿಎಚ್‌ಸಿಗೆ ಹೋಗಿ, ಅಲ್ಲಿ ಫ್ರೀ’ ಅಂತ ಕಳಿಸಬೇಕು.

ಅಕ್ಕನಿಗೆ ಒಂದು ವಾರ ಆದಮೇಲೆ ಹೇಳಿದೆ, ಆ ಡೋಸ್ ಮೇಲೆ ನನಗೆ ನಂಬಿಕೆ ಇಲ್ಲ ಅಂತ. ಕೈ ಅದುಮಿ ಸುಮ್ಮನಿರಿಸಿದವಳು ಅವಳೇ. ಆದರೂ ಕೇಳಿದಳು, ‘ಗೊತ್ತಿದ್ದವಳು ನೀನು. ಅವತ್ತೇ ಯಾಕೆ ಹೇಳ್ಲಿಲ್ಲ?’ ನನ್ನ ಹತ್ರ ಉತ್ತರ ಇರಲಿಲ್ಲ. ತಾಯಿ ಕಾರ್ಡ್ ತಗೊಂಡು ಪಿಎಚ್‌ಸಿ ಡಾಕ್ಟ್ರ ಹತ್ರ ಹೋದ್ವಿ, ನಡೆದಿದ್ದೆಲ್ಲ ಹೇಳಿದ್ವಿ. ಅವರು ಬೈಲಿಲ್ಲ. ಪೂರ್ತಿ ಕೇಳಿ, ಆ ಡೋಸ್ ಮತ್ತೆ ಹಾಕಿಸಿದ್ರು.

ಪಾಪುಗೆ ಈಗ 9 ತಿಂಗಳು ತುಂಬಿದೆ. ಈ ಗುರುವಾರ ಎಂಆರ್ ಮೊದಲ ಡೋಸ್. ನಾನೂ ಹೋಗ್ತಿದ್ದೀನಿ. ವಯಲ್ ಕೈಗೆ ತಗೊಂಡು ಚೌಕ ನೋಡ್ತೀನಿ, ಎಷ್ಟು ಗಂಟೆಗೆ ಬೆರೆಸಿದ್ದು ಅಂತ ಕೇಳ್ತೀನಿ. ಈ ಸಲ ಕೈ ಅದುಮಲ್ಲ ಅಂತ ಅಕ್ಕ ಮಾತು ಕೊಟ್ಟಿದ್ದಾಳೆ.

#ಲಸಿಕೆ #ಕೋಲ್ಡ್‌ಚೈನ್ #ನರ್ಸಿಂಗ್‌ದಿನಗಳು