ಅರಸಾಳಿನ ಮ್ಯೂಸಿಯಂಗೆ ಅರಸಾಳಿನ ರೈಲೂ ಬರಲಿ

ಮಾನ್ಯ ಸಂಪಾದಕರೇ,

ಹೊಸನಗರ ತಾಲ್ಲೂಕಿನ ಅರಸಾಳು ರೈಲು ನಿಲ್ದಾಣದ ಹಳೆಯ ಕಟ್ಟಡ 2020ರಲ್ಲಿ ‘ಮಾಲ್ಗುಡಿ ಮ್ಯೂಸಿಯಂ’ ಆಯಿತು. ಬೀಳುವ ಸ್ಥಿತಿಯಲ್ಲಿದ್ದ ಕಟ್ಟಡವನ್ನು ನೈಋತ್ಯ ರೈಲ್ವೆಯ ಮೈಸೂರು ವಿಭಾಗ ಉಳಿಸಿಕೊಂಡಿತು, ಕಲಾವಿದ ಜಾನ್ ದೇವರಾಜ್ ಅದಕ್ಕೆ ರೂಪ ಕೊಟ್ಟರು. ಇದಕ್ಕಾಗಿ ಮಲೆನಾಡಿನವರೆಲ್ಲ ಕೃತಜ್ಞರು. ಆದರೆ ಅಲ್ಲಿಗೆ ಹೊಸದಾಗಿ ಏನು ಸೇರಬೇಕು ಎಂಬ ಮಾತು ನಮ್ಮ ಕಡೆ ಎದ್ದಾಗಲೆಲ್ಲ ಇನ್ನೊಂದು ಗೊಂಬೆ, ಇನ್ನೊಂದು ಗೋಡೆಚಿತ್ರ, ಫೋಟೊ ತೆಗೆಸಿಕೊಳ್ಳಲು ಇನ್ನೊಂದು ಜಾಗ ಎನ್ನುವುದೇ ಕೇಳುತ್ತದೆ. ಇದಕ್ಕೆ ನನ್ನ ವಿರೋಧವಿದೆ. ಅಲ್ಲಿಗೆ ಇನ್ನು ಮುಂದೆ ಬರಬೇಕಾದದ್ದು ಶಿವಮೊಗ್ಗ–ತಾಳಗುಪ್ಪ ಮಾರ್ಗದ ಸ್ವಂತ ಸಾಮಾನು. ಅದು ಯಾವ ವರ್ಕ್‌ಶಾಪಿನಲ್ಲೂ ಇಲ್ಲ. ಕುಂಸಿ, ಅರಸಾಳು, ಆನಂದಪುರ, ಸಾಗರ, ತಾಳಗುಪ್ಪದ ಮನೆಗಳ ಅಟ್ಟದ ಮೇಲಿದೆ.

ಮಾಲ್ಗುಡಿಯ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. 1986ರಲ್ಲಿ ಶಂಕರ್‌ನಾಗ್ ಅವರ ‘ಮಾಲ್ಗುಡಿ ಡೇಸ್’ ದೂರದರ್ಶನದಲ್ಲಿ ಬಂದಾಗ ಆಗುಂಬೆಯ ಬೀದಿಯನ್ನೂ ಅರಸಾಳಿನ ಪ್ಲಾಟ್‌ಫಾರಮ್ಮನ್ನೂ ದೇಶವೇ ನೋಡಿತು. ಇದು ನಮ್ಮದು ಎಂದು ಹೆಮ್ಮೆಪಟ್ಟವರಲ್ಲಿ ನಾನೂ ಒಬ್ಬ. ಮಾಲ್ಗುಡಿಯನ್ನು ಸೃಷ್ಟಿಸಿದ ಕಥೆಗಾರ ಆರ್.ಕೆ. ನಾರಾಯಣ್ ಅವರ ಮನಸ್ಸಿನಲ್ಲೂ ಮೊದಲು ಮೂಡಿದ್ದು ಊರಲ್ಲ, ಒಂದು ಪುಟ್ಟ ರೈಲು ನಿಲ್ದಾಣ. ಉಳಿದ ಮಾಲ್ಗುಡಿ ಅದರ ಸುತ್ತ ಆಮೇಲೆ ಬೆಳೆಯಿತು. ಶಂಕರ್‌ನಾಗ್ ಆ ನಿಲ್ದಾಣಕ್ಕೆ ಅರಸಾಳನ್ನು ಆರಿಸಿದಾಗ ಅದು ನಿಜವಾದ ನಿಲ್ದಾಣವಾಗಿ ದುಡಿಯುತ್ತಿತ್ತು. ಆ ದುಡಿಮೆಯ ಗುರುತು ಅಲ್ಲಿ ಕಾಣಬೇಕು ಎನ್ನುವುದಷ್ಟೇ ನನ್ನ ಮಾತು.

ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ಅಲ್ಲಿಂದ ಮುಂದೆ ಕಾಡು ಕಡಿದು, ಏರಿ ಹಾಕಿ, ತುಂಡುತುಂಡಾಗಿ ಹಳಿ ಹಾಕುತ್ತ ಮೈಸೂರು ಸಂಸ್ಥಾನದ ರೈಲ್ವೆ ತಾಳಗುಪ್ಪ ಮುಟ್ಟುವಾಗ 1940. ಅದು ಮೀಟರ್‌ಗೇಜ್, ಹಳಿಯಿಂದ ಹಳಿಗೆ ಸರಿಯಾಗಿ 1,000 ಮಿಲಿಮೀಟರು. ಕೊನೆಕೊನೆಗೆ ರೈಲ್‌ಬಸ್ ಕೂಡ ಓಡಿದ ಆ ಹಳಿಯನ್ನು ಕಿತ್ತು, 2011ರ ಹೊತ್ತಿಗೆ 1,676 ಮಿಲಿಮೀಟರಿನ ಬ್ರಾಡ್‌ಗೇಜ್ ಹಾಕಿ ಮುಗಿಸಿದರು. ಬ್ರಾಡ್‌ಗೇಜ್ ಬೇಕೇಬೇಕಿತ್ತು. ಇವತ್ತು ತಾಳಗುಪ್ಪದಲ್ಲಿ ಹತ್ತಿ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇಳಿಯುತ್ತೇವೆ. ಆದರೆ ಹಳಿ ಕೀಳುವ ಭರದಲ್ಲಿ ಎಪ್ಪತ್ತು ವರ್ಷದ ಬದುಕಿನ ಸಾಮಾನು ಬಹುಪಾಲು ಗುಜರಿಗೋ ಹರಾಜಿಗೋ ಹೋಯಿತು. ನನಗೆ ಗೊತ್ತಿರುವ ಒಂದು ಅಡಿಕೆ ತೋಟದಲ್ಲಿ ಹಳ್ಳ ದಾಟುವ ಸಂಕಕ್ಕೆ ಇಂದಿಗೂ ರೈಲ್ವೆ ಸ್ಲೀಪರೇ ಆಧಾರ. ಮೊಳೆ ಹೊಡೆದ ತೂತುಗಳು ಹಾಗೇ ಇವೆ. ಅದರ ಮೇಲೆ ಕಾಲಿಟ್ಟು ದಾಟುವ ಹುಡುಗರಿಗೆ ಅದೇನೆಂದು ತಿಳಿಯದು.

ನನ್ನ ಸೋದರಮಾವ ಈ ಮಾರ್ಗದಲ್ಲಿ ಗ್ಯಾಂಗ್‌ಮನ್ ಆಗಿದ್ದರು. ಮಳೆಗಾಲ ಹಿಡಿಯಿತೆಂದರೆ ರಾತ್ರಿ ಪ್ಯಾಟ್ರೋಲ್. ಕಂಬಳಿಕೊಪ್ಪೆ ಹಾಕಿಕೊಂಡು, ಕೈಯಲ್ಲಿ ಸೀಮೆಎಣ್ಣೆ ಲಾಟೀನು, ಬಗಲಲ್ಲಿ ಚೀಲ. ಚೀಲದಲ್ಲಿ ಕೆಂಪು, ಹಸಿರು ಬಾವುಟ, ಹಳಿಗೆ ಕಟ್ಟುವ ‘ಪಟಾಕಿ’. ಧರೆ ಕುಸಿದಿದ್ದರೆ, ಹಳಿಯ ಕೆಳಗೆ ಮಣ್ಣು ಕೊಚ್ಚಿಹೋಗಿದ್ದರೆ, ಗಾಡಿ ಬರುವ ದಿಕ್ಕಿಗೆ ಓಡಿ ಪಟಾಕಿ ಕಟ್ಟಬೇಕು. ಗಾಲಿ ಹತ್ತಿದ ಕೂಡಲೇ ಅದು ಸಿಡಿದು ಡ್ರೈವರ್ ಎಚ್ಚೆತ್ತುಕೊಳ್ಳುತ್ತಾರೆ. ಆಚೆ ಕಡೆಯಿಂದ ಇನ್ನೊಬ್ಬರು ಹೀಗೆಯೇ ನಡೆದು ಬರುತ್ತಾರೆ. ಇಬ್ಬರೂ ಎದುರಾದಲ್ಲಿ ಪ್ಯಾಟ್ರೋಲ್ ಪುಸ್ತಕ ಅದಲುಬದಲು ಮಾಡಿಕೊಂಡು ಹಿಂದಿರುಗಬೇಕು. ನಡೆದೇ ಬಂದರು ಎನ್ನುವುದಕ್ಕೆ ಆ ಪುಸ್ತಕವೇ ಸಾಕ್ಷಿ. ಮಾವ ಮನೆಗೆ ಬಂದವರು ಮೊದಲು ಮಾಡುತ್ತಿದ್ದ ಕೆಲಸ ಜಗಲಿಯಲ್ಲಿ ಕೂತು ಕಾಲಿನ ಉಂಬಳಕ್ಕೆ ಸುಣ್ಣ ಮುಟ್ಟಿಸುವುದು. ಗಾಡಿಯೊಳಗೆ ಮಲಗಿದ್ದವರಿಗೆ ಹೊರಗೆ ಮಳೆಯಲ್ಲಿ ಒಬ್ಬ ಮನುಷ್ಯ ತಮ್ಮ ಸಲುವಾಗಿ ನಡೆಯುತ್ತಿದ್ದಾನೆ ಎಂಬುದು ಗೊತ್ತೇ ಆಗುತ್ತಿರಲಿಲ್ಲ.

ಮಾವ ತೀರಿಕೊಂಡ ಮೇಲೆ ಅವರ ಲಾಟೀನನ್ನು ನಾವೇ ಗುಜರಿಗೆ ಹಾಕಿದೆವು. ಬಡತನ ಕಾರಣವಲ್ಲ, ಹೆದರಿಕೆ ಕಾರಣ. ರೈಲ್ವೆ ಸೊತ್ತು ಮನೆಯಲ್ಲಿ ಸಿಕ್ಕರೆ ಜೈಲು ಎಂದು ಯಾರೋ ಹೇಳಿದರು. ಆ ಮಾತು ಪೂರ್ತಿ ಸುಳ್ಳೂ ಅಲ್ಲ. ಕದ್ದದ್ದೆಂದು ಅನುಮಾನ ಬರುವಂಥ ರೈಲ್ವೆ ಸ್ವತ್ತನ್ನು ಇಟ್ಟುಕೊಂಡವರಿಗೆ ಐದು ವರ್ಷದವರೆಗೂ ಶಿಕ್ಷೆ ವಿಧಿಸುವ 1966ರ ಕಾಯ್ದೆ ಇದೆ. ಕಳ್ಳರಿಗಾಗಿ ಮಾಡಿದ ಕಾನೂನು, ನಿಜ. ಆದರೆ ನಿವೃತ್ತ ಗ್ಯಾಂಗ್‌ಮನ್ ಒಬ್ಬರ ಸೊಸೆಗೆ ಆ ವ್ಯತ್ಯಾಸ ಹೇಗೆ ತಿಳಿಯಬೇಕು? ಹಳೆಯ ಲಾಟೀನು, ಟಿಕೆಟ್ ಕತ್ತರಿಸುವ ಪಂಚ್, ಹಿತ್ತಾಳೆ ಬಿಲ್ಲೆ, ಹಳಿಯ ಕೀಲಿ ನೋಡುವ ಕೀಮನ್‌ನ ಸುತ್ತಿಗೆ ಇವೆಲ್ಲ ಕೊಟ್ಟಿಗೆ ಮೂಲೆಯಲ್ಲಿ ಅಡಗಿಕೊಂಡು ಕೂತಿರುವುದು ಹೀಗೆ. ಕೊನೆಗೆ ಅವು ಹೋಗುವುದು ಕೆ.ಜಿ. ಲೆಕ್ಕದಲ್ಲಿ.

ಆದ್ದರಿಂದ ರೈಲ್ವೆಯವರಲ್ಲಿ ನನ್ನ ಮೊದಲ ಬೇಡಿಕೆ ದುಡ್ಡಿನದಲ್ಲ, ಒಂದು ಪ್ರಕಟಣೆಯದು. ಈ ಮಾರ್ಗದ ಹಳೆಯ ಸಾಮಾನನ್ನು ಮ್ಯೂಸಿಯಂಗೆ ತಂದುಕೊಡುವವರನ್ನು ‘ಎಲ್ಲಿಂದ ಬಂತು’ ಎಂದು ಯಾರೂ ಪೀಡಿಸುವುದಿಲ್ಲ ಎಂದು ಮೈಸೂರು ವಿಭಾಗ ಬರೆದುಕೊಡಲಿ. ಮಾರ್ಗದ ಗ್ರಾಮ ಪಂಚಾಯಿತಿಗಳಲ್ಲಿ, ಸೊಸೈಟಿಗಳಲ್ಲಿ, ನಿಲ್ದಾಣಗಳಲ್ಲಿ ಅದನ್ನು ಕನ್ನಡದಲ್ಲಿ ಅಂಟಿಸಲಿ. ಕೊಟ್ಟವರಿಗೆ ರಸೀದಿ ಕೊಡಲಿ. ಒಂದು ರಿಜಿಸ್ಟರ್ ಇಟ್ಟು, ವಸ್ತು ಯಾವುದು, ಯಾವ ನಿಲ್ದಾಣದ್ದು, ಯಾರು ಬಳಸಿದ್ದು, ಕೊಟ್ಟವರು ಹೇಳಿದ ಮಾತೇನು ಎಂದು ಬರೆದುಕೊಳ್ಳಲಿ. ಕೊನೆಯದು ಎಲ್ಲಕ್ಕಿಂತ ಮುಖ್ಯ. ಹೇಳಬಲ್ಲವರಿಗೆ ಈಗ ಎಪ್ಪತ್ತು, ಎಂಬತ್ತು ವಯಸ್ಸು.

ಮೈಸೂರಿನಲ್ಲಿ 1979ರಿಂದಲೇ ರೈಲು ಮ್ಯೂಸಿಯಂ ಇದೆ, ಹುಬ್ಬಳ್ಳಿಯಲ್ಲಿ 2020ರಲ್ಲಿ ಇನ್ನೊಂದಾಯಿತು, ಅರಸಾಳಿಗೇಕೆ ಮತ್ತೆ ಎಂದು ಕೇಳುವವರಿದ್ದಾರೆ. ಮೈಸೂರಿನಲ್ಲಿರುವುದು 1899ರ ಮಹಾರಾಣಿ ಸಲೂನ್, ದೊಡ್ಡ ದೊಡ್ಡ ಎಂಜಿನ್‌ಗಳು. ಅದು ಸಂಸ್ಥಾನದ ವೈಭವ, ಅಲ್ಲಿಗೇ ಒಪ್ಪುತ್ತದೆ. ಅರಸಾಳಿಗೆ ಎಂಜಿನ್ ಬೇಡ. ಅಂಗೈಯಲ್ಲಿ ಹಿಡಿಯುವ ಸಾಮಾನು ಸಾಕು. ಸುಮಾರು 57 ಮಿಲಿಮೀಟರು ಉದ್ದ, 30 ಅಗಲದ ಆ ದಪ್ಪ ರಟ್ಟಿನ ಟಿಕೆಟ್ಟನ್ನೇ ನೋಡಿ. ತಾರೀಕು ಒತ್ತುವ ಯಂತ್ರದ ಟಕ್ ಶಬ್ದ ಕೇಳಿಸಿದ ಮೇಲೇ ನಮಗೆ ಪ್ರಯಾಣ ಶುರುವಾಯಿತು ಅನಿಸುತ್ತಿದ್ದದ್ದು. ನಿಲ್ದಾಣದಲ್ಲಿ ಗಂಟೆ ಎಂದರೆ ತೂಗುಹಾಕಿದ ಹಳಿಯ ತುಂಡು. ಅಂಥ ತುಂಡೊಂದನ್ನು ನೇತುಹಾಕಿ, ಮಕ್ಕಳ ಕೈಯಲ್ಲಿ ಬಾರಿಸಲು ಬಿಡಲಿ. ಮರದ ಸ್ಲೀಪರಿನ ಮೇಲೆ ನಾಲ್ಕು ಮಾರು ಮೀಟರ್‌ಗೇಜ್ ಹಳಿಯನ್ನು ಜೋಡಿಸಿ, ಪಕ್ಕದಲ್ಲಿ ಓಡುವ ಬ್ರಾಡ್‌ಗೇಜನ್ನೂ ನೋಡಿ ಎಂದು ಫಲಕ ಹಾಕಲಿ. 676 ಮಿಲಿಮೀಟರಿನ ಅಂತರ ಕಣ್ಣಿಗೆ ಬಿದ್ದರೆ ಹಳೆಯ ಗಾಡಿ ಎಷ್ಟು ಚಿಕ್ಕದಿತ್ತೆಂದು ಯಾರೂ ವಿವರಿಸಬೇಕಿಲ್ಲ. ನಕಲಿ ಮಾಡಿಸಿದ್ದನ್ನು ನಕಲಿ ಎಂದೇ ಬರೆಯಲಿ. ನಮ್ಮ ಮಳೆ ಗೊತ್ತಲ್ಲ: ಜೂನ್ ದಾಟುವುದರೊಳಗೆ ಕಾಗದಕ್ಕೆ ಬೂಷ್ಟು, ಕಬ್ಬಿಣಕ್ಕೆ ತುಕ್ಕು. ಗಾಜಿನ ಪೆಟ್ಟಿಗೆಯೂ ಮಳೆಗಾಲದಲ್ಲಿ ಅದನ್ನು ತೆರೆದು ನೋಡುವ ಒಬ್ಬ ಜವಾಬ್ದಾರಿಯ ಮನುಷ್ಯರೂ ಇಲ್ಲದೆ ಯಾರ ಮನೆಯಿಂದಲೂ ಏನನ್ನೂ ಕೇಳಬಾರದು.

ನಿಲ್ದಾಣಕ್ಕೇ ಮಾಲ್ಗುಡಿ ಎಂದು ಹೆಸರಿಡುವ ಮಾತೂ ಕೆಲವು ವರ್ಷಗಳ ಹಿಂದೆ ಬಂದಿತ್ತು. ಮ್ಯೂಸಿಯಂಗೆ ಆ ಹೆಸರು ಇರಲಿ. ನಿಲ್ದಾಣ ಮಾತ್ರ ಅರಸಾಳಾಗಿಯೇ ಉಳಿಯಲಿ.

ರೈಲೇ ಇಲ್ಲದ ತುಮರಿಯವನಾದ ನನಗೆ ಈ ಉಸಾಬರಿ ಯಾಕೆಂದು ಕೆಲವರಿಗೆ ಅನಿಸಬಹುದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ನಮ್ಮ ಸೀಮೆಯ ಊರೂರೇ ಮುಳುಗಿದವು. ಜನರನ್ನು ಲಾರಿಗಳಲ್ಲಿ ತುಂಬಿ ಎಲ್ಲೆಲ್ಲಿಗೋ ಸಾಗಿಸಿದರು. ಹೊತ್ತುಕೊಂಡು ಹೋದಷ್ಟೇ ನಮ್ಮದಾಯಿತು, ಬಿಟ್ಟದ್ದು ನೀರಿನದಾಯಿತು. ಯಾವ ಮನೆ ಎಲ್ಲಿತ್ತು, ಯಾವ ದಾರಿ ಎಲ್ಲಿಗೆ ಹೋಗುತ್ತಿತ್ತು ಎಂದು ಆಗ ಯಾರೂ ಕೂತು ಬರೆದಿಡಲಿಲ್ಲ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಮೇಲೇಳುವ ಮರದ ಬೊಡ್ಡೆಗಳನ್ನು ತೋರಿಸುತ್ತ ನಮ್ಮ ಹಿರಿಯರು ಇದು ಇಂಥವರ ಕಣ, ಅದು ಇಂಥವರ ಗದ್ದೆ ಎನ್ನುತ್ತಿದ್ದರು. ಅವರೂ ಈಗ ಇಲ್ಲ. ಸಾಮಾನು ಹೋದರೂ ಅದರ ಕಥೆ ಉಳಿಯುತ್ತದೆ ಎಂದು ನಂಬಲು ನನ್ನಿಂದ ಆಗದಿರುವುದು ಇದಕ್ಕೇ.

ಮಾವನ ಲಾಟೀನಿನ ಒಂದು ಗಾಜು ಮಾತ್ರ ನಮ್ಮಲ್ಲಿ ಉಳಿದಿದೆ. ಗುಜರಿಯವನು ಬೇಡವೆಂದು ಬಿಟ್ಟುಹೋದದ್ದು. ಹಗಲಿನಲ್ಲಿ ನೋಡಿದರೆ ನೀಲಿಯಂತೆ ಕಾಣುತ್ತದೆ, ಮೊಮ್ಮಗಳು ಅದನ್ನು ನೀಲಿ ಗಾಜು ಎಂದೇ ಕರೆಯುತ್ತಾಳೆ. ಒಂದು ಸಂಜೆ ಕರೆಂಟು ಹೋದಾಗ ಬುಡ್ಡಿದೀಪದ ಮುಂದೆ ಹಿಡಿದು ತೋರಿಸಿದೆ. ಸೀಮೆಎಣ್ಣೆಯ ಹಳದಿ ಬೆಳಕು ಸೇರಿ ಅದು ಹಸಿರಾಯಿತು: ದಾರಿ ಸರಿಯಿದೆ, ಗಾಡಿ ಬರಲಿ ಎನ್ನುವ ಹಸಿರು. ಈ ವಿವರ ಬರೆದಿಡದಿದ್ದರೆ ನಾಳೆ ಅದು ಬರೀ ಒಡಕು ಗಾಜು.

ಅದನ್ನು ಅರಸಾಳಿಗೆ ಕೊಡಲು ನಾನು ಸಿದ್ಧ. ಮೊದಲೆಲ್ಲ ಹಿನ್ನೀರು ದಾಟಲು ಕಳಸವಳ್ಳಿಯ ದಡದಲ್ಲಿ ಲಾಂಚಿಗೆ ಕಾಯಬೇಕಿತ್ತು. 2025ರ ಜುಲೈ 14ರಂದು ಸೇತುವೆ ತೆರೆದ ಮೇಲೆ ಆ ತೊಂದರೆ ಇಲ್ಲ. ಬೆಳಿಗ್ಗೆ ಹೊರಟರೆ ಮಧ್ಯಾಹ್ನದೊಳಗೆ ತಲುಪುತ್ತೇನೆ. ಯಾರ ಕೈಗೆ ಕೊಡಬೇಕು, ಯಾವ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ ಎಂಬುದನ್ನು ಸಂಬಂಧಪಟ್ಟವರು ನಿಮ್ಮ ಪತ್ರಿಕೆಯ ಮೂಲಕ ತಿಳಿಸಲಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ
ತುಮರಿ, ಸಾಗರ ತಾಲ್ಲೂಕು