ನಮ್ಮ ಮಕ್ಕಳಿಗೆ ಈಜು ಕಲಿಸುವವರು ಯಾರು?

"ನಿಮ್ದು ಸಮುದ್ರದ ದಂಡಿ ಊರು ಅಂತೀರಿ, ಮತ್ತ ನಿಮಗ ಈಸಾಕ ಬರಂಗಿಲ್ಲೇನ್ರಿ?"

ಹವಳಗಾದ ರೈತರೊಬ್ಬರು ತಮ್ಮ ಹೊಲದ ಬಾವಿಯ ದಂಡೆಯಲ್ಲಿ ನಿಂತು ಹೀಗೆ ಕೇಳಿದಾಗ ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹೇಳಲಿಕ್ಕೆ ಎಂತ ಉಂಟು? ಹೊಳೆಯ ಬದಿಯಲ್ಲಿ ಹುಟ್ಟಿ, ಕಡಲಿನ ಸದ್ದು ಕೇಳಿ ಬೆಳೆದ ಮೂವರು ಬ್ಯಾರಿಗಳಿಗೆ ಈಜು ಬರುವುದಿಲ್ಲ. ಬಂದರಿನಿಂದ ಮಂಜಿಗಳು ಲಕ್ಷದ್ವೀಪಕ್ಕೆ ಹೋಗುವುದನ್ನು ನೋಡಿದವರು ನಾವು. ನಮ್ಮ ಹಿರಿಯರು ಕಡಲು ದಾಟಿ ವ್ಯಾಪಾರ ಮಾಡಿದವರು ಎಂದು ವೇದಿಕೆ ಸಿಕ್ಕಿದಲ್ಲೆಲ್ಲ ಹೇಳಿಕೊಳ್ಳುವವರು ನಾವು. ಬ್ಯಾರ ಎಂದರೆ ವ್ಯಾಪಾರ, ಅದರಿಂದಲೇ ಬ್ಯಾರಿ ಎಂದು ವಿವರಿಸುವವರೂ ನಾವೇ. ಆದರೆ ಎದೆಯ ಮಟ್ಟದ ನೀರಿಗೆ ಇಳಿದರೆ ನಮಗೆ ಕೈಕಾಲು ನಡುಗುತ್ತದೆ.

ಹವಳಗಾ ಇರುವುದು ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನಲ್ಲಿ. ಅಲ್ಲಿ ಸಕ್ಕರೆ ಕಾರ್ಖಾನೆ ಇದೆ. ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಲಾರಿ, ಟ್ರ್ಯಾಕ್ಟರುಗಳ ಸಾಲು ನಿಲ್ಲುತ್ತದೆ. ಆ ಸಾಲಿನ ಟಯರು, ಟ್ಯೂಬು, ಪಂಕ್ಚರುಗಳನ್ನು ನಂಬಿ ನಮ್ಮ ಅಂಗಡಿ. ಊರು ಬಿಟ್ಟು ಇಷ್ಟು ದೂರ ಬಂದ ಮೇಲೆ, ಬೆಳಗ್ಗೆ ಓಡುವುದು, ಸೈಕಲ್ ತುಳಿಯುವುದು ನಮ್ಮ ಅಭ್ಯಾಸವಾಯಿತು. ಸಕ್ಕರೆ ಕಾಯಿಲೆಗೆ ಹೆದರಿ ಶುರು ಮಾಡಿದ್ದು ಎಂದು ಒಪ್ಪಿಕೊಳ್ಳುವುದರಲ್ಲಿ ನಾಚಿಕೆ ಇಲ್ಲ. ಸಕ್ಕರೆಯ ಊರಿನಲ್ಲಿದ್ದು ಸಕ್ಕರೆಗೆ ಹೆದರುವುದು!

ಹಾಗಿರುವಾಗ ಗೋವಾದ ಟ್ರಯಥ್ಲಾನ್ ಬಗ್ಗೆ ಗೊತ್ತಾಯಿತು. 2019ರಲ್ಲಿ ಪಣಜಿಯ ಮೀರಾಮಾರ್ ಕಡಲ ತೀರದಲ್ಲಿ ಶುರುವಾದ ಐರನ್‌ಮ್ಯಾನ್ 70.3. ಸಮುದ್ರದಲ್ಲಿ 1.9 ಕಿಲೋಮೀಟರ್ ಈಜಬೇಕು, 90 ಕಿಲೋಮೀಟರ್ ಸೈಕಲ್ ತುಳಿಯಬೇಕು, 21.1 ಕಿಲೋಮೀಟರ್ ಓಡಬೇಕು. ಒಬ್ಬನೇ ಎಲ್ಲವನ್ನೂ ಮಾಡಲು ಆಗದವರಿಗೆ ರಿಲೇ ಇದೆ. ಒಬ್ಬ ಈಜಿ ಬಂದು ಕಾಲಿನ ಪಟ್ಟಿಯನ್ನು ಬಿಚ್ಚಿ ಸೈಕಲಿನವನಿಗೆ ಕೊಡಬೇಕು, ಅವನು ಓಡುವವನಿಗೆ. ಓಡಲು ಒಬ್ಬ ಸಿದ್ಧ, ಸೈಕಲಿಗೆ ಒಬ್ಬ ಸಿದ್ಧ. ಉಳಿದದ್ದು ನೀರು.

ನೀರಿನ ಮಾತು ಬಂದಾಗ ಮೂವರೂ ಸುಮ್ಮನಾಗಲು ಬೇರೆ ಕಾರಣವೂ ಇತ್ತು. ನಮ್ಮ ಕುಟುಂಬದ ಹುಡುಗನೊಬ್ಬ, ಹದಿನಾರು ವರ್ಷ, ಪೆರ್ನಾಳ್ ಮುಗಿದ ಮರುದಿನ ಗೆಳೆಯರೊಂದಿಗೆ ಹೊಳೆಗೆ ಹೋದವನು ಹಿಂದೆ ಬರಲಿಲ್ಲ. ದಡದಲ್ಲಿ ಎಂಟು ಹತ್ತು ಹುಡುಗರಿದ್ದರು. ಒಬ್ಬನಿಗೂ ಈಜು ಬರುತ್ತಿರಲಿಲ್ಲ. ಒಬ್ಬ ಹಾರಿದ, ಅವನನ್ನು ಎಳೆದು ಹಾಕಲಿಕ್ಕೇ ಉಳಿದವರಿಗೆ ಸಾಕಾಯಿತು. ಕೊನೆಗೆ ಮಯ್ಯಿತ್ತನ್ನು ಮೇಲೆ ತಂದವರು ಪಕ್ಕದ ಕೇರಿಯ ಮೊಗವೀರ ಅಣ್ಣಂದಿರು. ಅವರು ಹಣ ಕೇಳಲಿಲ್ಲ, ಚಹಾ ಕೂಡ ಕುಡಿಯಲಿಲ್ಲ. ಒದ್ದೆ ಬಟ್ಟೆಯಲ್ಲೇ ಮಸೀದಿಯ ಹೊರಗೆ ನಿಂತಿದ್ದರು.

ಎಲ್ಲರೂ ಮನೆಗೆ ಬಂದು ಸಮಾಧಾನ ಹೇಳಿದರು. ನೀರಲ್ಲಿ ಮುಳುಗಿ ಮರಣ ಹೊಂದಿದವರಿಗೆ ಶಹೀದರ ಪ್ರತಿಫಲ ಇದೆ ಎಂದರು. ಅದು ನಿಜ, ಹದೀಸಿನಲ್ಲಿ ಇದೆ. ಆ ಮಾತಿನಿಂದಲೇ ಆ ಉಮ್ಮ ಇಂದಿಗೂ ಉಸಿರಾಡುತ್ತಿದ್ದಾರೆ. ಆದರೆ ಅದು ಹೋದವನ ಮನೆಯವರಿಗೆ ಸಾಂತ್ವನ. ಉಳಿದ ನಾವು ಕೈಕಟ್ಟಿ ಕೂರಲಿಕ್ಕೆ ಅದು ರಜಾ ಚೀಟಿ ಅಲ್ಲ. ಒಂಟೆಯನ್ನು ಕಟ್ಟಿದ ಮೇಲೆ ತವಕ್ಕುಲ್ ಮಾಡು ಎಂಬುದನ್ನು ಎಷ್ಟು ವಅಳ್‌ಗಳಲ್ಲಿ ಕೇಳಿಲ್ಲ ನಾವು?

ಆ ಹುಡುಗನ ನಂತರ ನಮ್ಮ ಮನೆಗಳಲ್ಲಿ ಆದದ್ದು ಏನು? ಮಕ್ಕಳಿಗೆ ಹೊಳೆ ಬಂದ್. ಕೆರೆ ಬಂದ್. ಕಡಲ ತೀರಕ್ಕೆ ಹೋದರೆ ಪಾದ ಮಾತ್ರ ಒದ್ದೆ. ನಾವು ಚಿಕ್ಕವರಿದ್ದಾಗ ನಮಗೂ ಹೀಗೆಯೇ ಬಂದ್ ಮಾಡಿದ್ದರು. ಆಗಲೂ ಯಾರದೋ ಮನೆಯಲ್ಲಿ ಒಂದು ಸಾವು ಆಗಿತ್ತು. ಒಂದು ತಲೆಮಾರಿನ ಹೆದರಿಕೆ ಮುಂದಿನ ತಲೆಮಾರಿಗೆ ಈಜು ಬಾರದ ಹಾಗೆ ಮಾಡುತ್ತದೆ. ಆ ತಲೆಮಾರಿನವನು ಹದಿನಾರಕ್ಕೆ ಗೆಳೆಯರ ಜೊತೆ ಕದ್ದು ಹೋಗುತ್ತಾನೆ. ಹದಿನಾರರ ಹುಡುಗನನ್ನು ನೀರಿನಿಂದ ದೂರ ಇಡಲು ಯಾವ ಉಮ್ಮನಿಂದಲೂ ಆಗುವುದಿಲ್ಲ.

ಇದು ನಮ್ಮೊಬ್ಬರ ಕತೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 3 ಲಕ್ಷ ಜನ ನೀರಲ್ಲಿ ಮುಳುಗಿ ಸತ್ತಿದ್ದಾರೆ. ಅವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ 29 ವರ್ಷದೊಳಗಿನವರು. ವಿಶ್ವಸಂಸ್ಥೆ 2021ರಲ್ಲಿ ಜುಲೈ 25ನ್ನು ಮುಳುಗಡೆ ಸಾವು ತಡೆಯುವ ದಿನವೆಂದು ಗೊತ್ತು ಮಾಡಿತು. ನಮ್ಮ ಊರಲ್ಲಿ ಅದು ಸರಿಯಾಗಿ ಮಳೆಗಾಲದ ನಡು, ಹೊಳೆ ತುಂಬಿ ಹರಿಯುವ ಸಮಯ.

ಬಾವಿಗೆ ಬರೋಣ. ಅಫಜಲಪುರದ ಕಡೆ ಈಜು ಕಲಿಯುವುದಕ್ಕೆ ತರಬೇತುದಾರ ಬೇಕಿಲ್ಲ. ಮೆಟ್ಟಿಲು ಇಳಿದು ಹೋಗುವ ದೊಡ್ಡ ಬಾವಿ, ಸೊಂಟಕ್ಕೊಂದು ಖಾಲಿ ಡಬ್ಬಿ ಅಥವಾ ಟ್ಯೂಬು, ಮೇಲೊಬ್ಬ ಮಾವನೋ ಕಾಕನೋ. ಹುಡುಗರು ಎಂಟು ಹತ್ತು ವರ್ಷಕ್ಕೆಲ್ಲ ಮೀನಿನ ಹಾಗೆ. ಟ್ಯೂಬಿಗೆ ನಮ್ಮಲ್ಲಿ ಬರಗಾಲ ಇಲ್ಲವಲ್ಲ! ಭೀಮಾ ನದಿಗೆ ಇಳಿಯುವುದು ಬೇಡ ಎಂದು ರೈತರೇ ಹೇಳಿದರು. ಮರಳು ತೆಗೆದ ಗುಂಡಿ ಎಲ್ಲಿದೆ ಎಂದು ಮೇಲಿಂದ ಕಾಣುವುದಿಲ್ಲ, ಮಹಾರಾಷ್ಟ್ರದ ಕಡೆ ಅಣೆಕಟ್ಟಿನಿಂದ ನೀರು ಬಿಟ್ಟರೆ ಸೆಳೆತ ಏರುತ್ತದೆ, ಮೊಸಳೆಯ ಮಾತು ಬೇರೆ.

ಮೊದಲ ವಾರ ನಾವು ಈಜಲೇ ಇಲ್ಲ. ಮೆಟ್ಟಿಲು ಹಿಡಿದುಕೊಂಡು ಮುಖವನ್ನು ನೀರಿನೊಳಗೆ ಇಟ್ಟು ಉಸಿರು ಬಿಡುವುದು, ಎತ್ತಿ ಎಳೆದುಕೊಳ್ಳುವುದು, ಅಷ್ಟೆ. ಹೆದರಿದವನು ಉಸಿರು ಹಿಡಿದುಕೊಳ್ಳುತ್ತಾನೆ. ಹಿಡಿದ ಉಸಿರು ಎದೆಯನ್ನು ಬಿಗಿ ಮಾಡುತ್ತದೆ, ತಲೆ ಮೇಲೆ ಎತ್ತಿಸುತ್ತದೆ, ತಲೆ ಎದ್ದರೆ ಕಾಲು ಕೆಳಗೆ ಹೋಗುತ್ತದೆ. ಮುಳುಗುವುದು ಹೀಗೆ ಎಂದು ಆಗ ಗೊತ್ತಾಯಿತು. ನೀರು ಎಳೆಯುವುದಿಲ್ಲ, ನಾವೇ ನಿಂತುಕೊಳ್ಳಲು ಹೋಗಿ ಮುಳುಗುತ್ತೇವೆ. ಎರಡನೆಯ ವಾರ ಅಂಗಾತ ತೇಲುವುದು. ಕಿವಿ ನೀರಿನೊಳಗೆ, ಕಣ್ಣು ಆಕಾಶಕ್ಕೆ. ನಮ್ಮಲ್ಲಿ ದೊಡ್ಡವನಿಗೆ ತೇಲಲು ಬಂದ ದಿನ ಬಾವಿಯಿಂದ ಎದ್ದು ಬಂದು ಮೆಟ್ಟಿಲ ಮೇಲೆ ಕೂತು ಅತ್ತ. ಅವನು ಆ ಹುಡುಗನಿಗೆ ಮಾಮ. ಇಷ್ಟೇ ಕಲಿತಿದ್ದರೆ ಸಾಕಿತ್ತಲ್ಲ ಎಂದ. ಈಜುವ ಪಾಲು ಅವನಿಗೇ ಎಂದು ಅಲ್ಲೇ ತೀರ್ಮಾನ ಆಯಿತು.

ಬಾವಿಯ ಅಗಲ ನಲವತ್ತು ಅಡಿ. 1,900 ಮೀಟರ್ ಆಗಬೇಕಾದರೆ ನೂರೈವತ್ತಾರು ಸಲ ಅತ್ತಿತ್ತ ಹೋಗಬೇಕು, ನೂರೈವತ್ತೈದು ಸಲ ತಿರುಗಬೇಕು. ತಲೆ ತಿರುಗುವ ಲೆಕ್ಕ. ಹಾಗಾಗಿ ಹಳೆಯ ಟ್ಯೂಬನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಗಂಟು ಹಾಕಿ, ಒಂದು ತುದಿಯನ್ನು ಕಲ್ಲಿಗೆ, ಇನ್ನೊಂದನ್ನು ಸೊಂಟಕ್ಕೆ ಕಟ್ಟಿದೆವು. ಎಷ್ಟು ಈಜಿದರೂ ಇದ್ದಲ್ಲೇ. ರಬ್ಬರು ಹಿಂದಕ್ಕೆ ಎಳೆಯುವುದರಿಂದ ತೋಳಿಗೆ ಬಲ ಬರುತ್ತದೆ, ದೇಹ ಉದ್ದಕ್ಕೆ ಮಲಗಿದೆಯೋ ಇಲ್ಲವೋ ಮೇಲೆ ನಿಂತವನಿಗೆ ಕಾಣುತ್ತದೆ. ತಿಂಗಳಿಗೆರಡು ಸಲ ಕಲಬುರಗಿಯ ಈಜುಕೊಳಕ್ಕೆ ಹೋಗಿ ಅಳತೆಯ ಈಜು. ಸಮುದ್ರದ ಪಾಲಿಗೆ 1 ಗಂಟೆ 10 ನಿಮಿಷದ ಗಡುವು. ಅಂದರೆ 100 ಮೀಟರಿಗೆ 3 ನಿಮಿಷ 41 ಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು. ನಮ್ಮವನು ಈಗ 3 ನಿಮಿಷ 20 ಸೆಕೆಂಡಿನಲ್ಲಿದ್ದಾನೆ. ಕೊಳದಲ್ಲಿ. ಅಲೆಯಿದ್ದ ಕಡಲಲ್ಲಿ, ಮೊಸಳೆಯ ಹಾಗೆ ಆಗಾಗ ಕಣ್ಣೆತ್ತಿ ದಿಕ್ಕು ನೋಡಿಕೊಳ್ಳುತ್ತ, ಅಕ್ಕಪಕ್ಕದವರ ಕೈಕಾಲು ತಾಗುತ್ತ ಈಜುವಾಗ ಎಷ್ಟಾಗುತ್ತದೋ ರಬ್ಬಿಗೇ ಗೊತ್ತು.

ರಮಳಾನಿನಲ್ಲಿ ಒಂದು ತಿಂಗಳು ನೀರಿಗೆ ಇಳಿಯಲಿಲ್ಲ. ಕಿವಿಯೊಳಗೆ ನೀರು ಹೋದರೂ ನೋಂಬು ಮುರಿಯುತ್ತದೆ ಎಂಬುದು ನಮ್ಮ ಶಾಫಿಈ ಮದ್‌ಹಬಿನ ಮಾತು. ತರಾವೀಹ್ ಆದ ಮೇಲೆ ಕತ್ತಲಲ್ಲಿ ಬಾವಿಗೆ ಇಳಿಯುವಷ್ಟು ಹುಚ್ಚು ನಮಗಿಲ್ಲ. ಅಲ್ಲಿಯ ಮಸೀದಿ ಹನಫಿಗಳದ್ದು, ಅಸರ್ ಬಾಂಗ್ ನಮ್ಮಲ್ಲಿಗಿಂತ ತಡ. ಉಳಿದ ತಿಂಗಳುಗಳಲ್ಲಿ ಆ ತಡದಿಂದ ಸಂಜೆಯ ಅಭ್ಯಾಸಕ್ಕೆ ಒಂದಷ್ಟು ಹೊತ್ತು ಸಿಗುತ್ತಿತ್ತು. ಬಟ್ಟೆಯ ವಿಷಯ ಕೇಳುವವರಿಗೂ ಹೇಳಿಬಿಡುತ್ತೇವೆ: ಹೊಕ್ಕುಳ ಮೇಲಿನಿಂದ ಮೊಣಕಾಲು ಮುಚ್ಚುವ ಈಜು ಚಡ್ಡಿ ಅಂಗಡಿಯಲ್ಲಿ ಸಿಗುತ್ತದೆ. ಔರತ್ತಿನ ಹೆಸರು ಹೇಳಿ ಗಂಡುಮಕ್ಕಳ ಈಜು ತಪ್ಪಿಸಲು ಕಾರಣವೇ ಇಲ್ಲ.

ಹೆಣ್ಣುಮಕ್ಕಳದ್ದು? ಇದನ್ನು ಬರೆದರೆ ಬೈಗುಳ ಬರುತ್ತದೆ ಎಂದು ಗೊತ್ತಿದೆ. ಆದರೂ ಕೇಳುತ್ತೇವೆ. ನೀರು ಗಂಡು ಹೆಣ್ಣು ನೋಡುತ್ತದಾ? ಹೊಳೆ ಬದಿಯ ಮನೆಯಲ್ಲಿ ಮಗು ಜಾರಿ ಬಿದ್ದರೆ ಹಗಲು ಹೊತ್ತಿನಲ್ಲಿ ಮನೆಯಲ್ಲಿ ಇರುವುದು ಉಮ್ಮ, ತಂಗಿ. ಗಂಡಸರು ಅಂಗಡಿಯಲ್ಲೋ ಗಲ್ಫಿನಲ್ಲೋ ಇರುತ್ತಾರೆ. ಹಾಗಾದರೆ ಮೊದಲು ಕಲಿಯಬೇಕಾದವರು ಯಾರು? ಹೆಣ್ಣುಮಕ್ಕಳಿಗೆ ಮಾತ್ರ ಎಂದು ಒಂದು ಹೊತ್ತು, ಕಲಿಸಲು ಹೆಣ್ಣು, ಮೈ ಮುಚ್ಚುವ ಈಜುಡುಪು, ಇಷ್ಟನ್ನು ಕೇಳಿ ಪಡೆಯಬಹುದು. ಮಂಗಳೂರಿನಲ್ಲಿ ಲೇಡಿಹಿಲ್‌ನ ಮಂಗಳಾ ಈಜುಕೊಳ ಇದೆ, ಎಮ್ಮೆಕೆರೆಯಲ್ಲಿ 2023ರಲ್ಲಿ ಹೊಸ ಕೊಳ ಆಗಿದೆ. ನಮ್ಮ ತೆರಿಗೆಯ ದುಡ್ಡೂ ಅದರಲ್ಲಿ ಇದೆ. ಐವತ್ತು ಹೆಣ್ಣುಮಕ್ಕಳ ಹೆಸರು ಬರೆದ ಅರ್ಜಿಯನ್ನು ಒಂದು ಜಮಾಅತ್ ತೆಗೆದುಕೊಂಡು ಹೋದರೆ ಇಲ್ಲ ಎನ್ನುವುದು ಸುಲಭವಲ್ಲ. ಅರ್ಜಿಯೇ ಹೋಗದಿದ್ದರೆ?

ನಮ್ಮ ಜಮಾಅತ್‌ಗಳು ಏನೂ ಮಾಡುವುದಿಲ್ಲ ಎಂದು ನಾವು ಹೇಳುವುದಿಲ್ಲ. ರಕ್ತ ಬೇಕೆಂದರೆ ಅರ್ಧ ರಾತ್ರಿಯಲ್ಲಿ ನಮ್ಮ ಹುಡುಗರು ಸಾಲು ನಿಲ್ಲುತ್ತಾರೆ. ಆಂಬುಲೆನ್ಸ್ ಇದೆ, ಮಯ್ಯಿತ್ ಫ್ರೀಜರ್ ಇದೆ. ಮುಳುಗಿದವನಿಗೆ ಬೇಕಾದ ಎಲ್ಲವೂ ಇದೆ, ಮುಳುಗದ ಹಾಗೆ ಮಾಡುವುದೊಂದು ಇಲ್ಲ. ಮಕ್ಕಳಿಗೆ ಈಜು ಕಲಿಸಿ ಎಂದು ಖಲೀಫಾ ಉಮರ್ (ರ) ಹೇಳಿದ್ದರೆಂಬ ಮಾತನ್ನು ಉಸ್ತಾದರು ಮದ್ರಸದಲ್ಲಿ ಹೇಳಿಕೊಡುತ್ತಾರೆ. ನಾವೂ ಕೇಳಿ ತಲೆ ಅಲ್ಲಾಡಿಸಿ ಮನೆಗೆ ಬಂದಿದ್ದೇವೆ. ಮದ್ರಸಕ್ಕೆ ಬೇಸಗೆ ರಜೆ ಬಂದಾಗ ಆರು ವರ್ಷ ದಾಟಿದ ಮಕ್ಕಳನ್ನು ಬಸ್ಸು ಮಾಡಿ ಕೊಳಕ್ಕೆ ಕರೆದುಕೊಂಡು ಹೋಗುವ ಒಂದು ಜಮಾಅತ್ ಮುಂದೆ ಬರಲಿ. ಕೊಳ ದೂರವಾದರೆ ತೋಟದ ಕೆರೆ ಸಾಕು, ಕಲಿಸಲಿಕ್ಕೆ ಬಲ್ಲವರು ಬೇಕು. ಬಲ್ಲವರು ಯಾರು ಎಂದರೆ ಪಕ್ಕದ ಕೇರಿಯಲ್ಲೇ ಇದ್ದಾರೆ. ಮಲ್ಪೆಯ ಈಶ್ವರ್ ಮಲ್ಪೆ 2024ರಲ್ಲಿ ಶಿರೂರಿನ ಗುಡ್ಡ ಕುಸಿದಾಗ ಗಂಗಾವಳಿಯ ಕೆಸರು ನೀರಿಗೆ ಇಳಿದು ಕೇರಳದ ಲಾರಿ ಚಾಲಕನನ್ನು ಹುಡುಕಿದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ. ನೀರು ಬಲ್ಲ ಜನರನ್ನು ಮಯ್ಯಿತ್ ತೆಗೆಯಲಿಕ್ಕೆ ಮಾತ್ರ ಕರೆಯುವ ಬದಲು ಮಕ್ಕಳಿಗೆ ಕಲಿಸಲಿಕ್ಕೆ ಕರೆದರೆ ಅವರಿಗೂ ಖುಷಿ ಆದೀತು.

ಈಜು ಬಾರದವರೂ ಒಂದನ್ನು ಇವತ್ತೇ ಕಲಿಯಬಹುದು. ಮುಳುಗುವವನನ್ನು ಹಿಡಿಯಲು ಹಾರಬೇಡಿ. ಅವನು ನಿಮ್ಮ ಕುತ್ತಿಗೆ ಹಿಡಿಯುತ್ತಾನೆ, ಇಬ್ಬರೂ ಹೋಗುತ್ತೀರಿ. ಕೋಲು ಚಾಚಿ, ಲುಂಗಿ ಎಸೆಯಿರಿ, ಮುಚ್ಚಳ ಬಿಗಿದ ಐದು ಲೀಟರಿನ ಖಾಲಿ ಕ್ಯಾನಿಗೆ ಹಗ್ಗ ಕಟ್ಟಿ ಎಸೆಯಿರಿ. ನಾವು ಹವಳಗಾದ ಆ ಬಾವಿಯ ಮೇಲೆ ಅಂಥ ಒಂದು ಕ್ಯಾನನ್ನು ಯಾವಾಗಲೂ ಇಟ್ಟಿರುತ್ತೇವೆ. ಒಬ್ಬನೇ ಎಂದೂ ಇಳಿಯುವುದಿಲ್ಲ, ಇಳಿಯುವ ಮೊದಲು ಪಂಪಿನ ಕರೆಂಟು ತೆಗೆಯುತ್ತೇವೆ.

"ಈ ವಯಸ್ಸಲ್ಲಿ ನಿಮಗೆ ಬೇರೆ ಕೆಲಸ ಇಲ್ಲವಾ, ಆ ಹಣವನ್ನು ಯಾವುದಾದರೂ ಬಡವರ ಮದುವೆಗೆ ಕೊಡಬಾರದಾ" ಎಂದವರಿದ್ದಾರೆ. ಕೊಡುವುದನ್ನು ಕೊಟ್ಟೇ ಇದ್ದೇವೆ. ಅದಲ್ಲದೆ ಈ ಸ್ಪರ್ಧೆ ಇಲ್ಲದಿದ್ದರೆ ನಾವು ಬಾವಿಗೆ ಇಳಿಯುತ್ತಲೇ ಇರಲಿಲ್ಲ. ಮನುಷ್ಯನಿಗೆ ನೀರಿಗೆ ಇಳಿಯಲು ಏನಾದರೂ ಒಂದು ನೆಪ ಬೇಕು. ನಾವು ಗಡುವಿನೊಳಗೆ ಮುಗಿಸುತ್ತೇವೋ, ಸಮುದ್ರದ ನಡುವೆ ದೋಣಿಯವರು ಎತ್ತಿಕೊಂಡು ಬರುತ್ತಾರೋ, ಅದೊಂದು ಬೇರೆ ಮಾತು.

ಅಂದಹಾಗೆ, ಇಷ್ಟು ತಿಂಗಳು ಫೋನಿನಲ್ಲಿ "ಮೋನೇ, ನೀರಿಗೆ ಇಳಿಯಬೇಡ" ಎಂದು ಅಳುತ್ತಿದ್ದ ಉಮ್ಮ ಹೋದ ಶುಕ್ರವಾರ ಜುಮಾ ಆದ ಮೇಲೆ ತಾವೇ ಫೋನು ಮಾಡಿದರು. ಅದು ಇದು ಮಾತಾಡಿದರು. ಇಡುವ ಮೊದಲು, ಮೆಲ್ಲಗೆ, ಆ ಬಾವಿ ಎಷ್ಟು ಆಳ ಎಂದು ಕೇಳಿದರು. ದಸರಾ ರಜೆಯಲ್ಲಿ ಹೋದ ಹುಡುಗನ ತಮ್ಮನನ್ನು ಹವಳಗಾಕ್ಕೆ ಕಳಿಸುತ್ತಾರಂತೆ. ಹನ್ನೊಂದು ವರ್ಷ ಅವನಿಗೆ. ಅವನ ಅಳತೆಯ ಟ್ಯೂಬೊಂದಕ್ಕೆ ಪ್ಯಾಚ್ ಹಾಕಿ, ಗಾಳಿ ತುಂಬಿಸಿ, ಸೋರುತ್ತದಾ ಎಂದು ನೋಡಿ ಅಂಗಡಿಯಲ್ಲಿ ತೂಗು ಹಾಕಿದ್ದೇವೆ.