ಅಪಾರ್ಟ್‌ಮೆಂಟ್ ಬಿಸಿನೀರು: ಗೀಸರ್ ಬದಲು ಹೀಟ್ ಪಂಪ್ ಬೇಕೇ?

ಗೀಸರಿನ ಕಾಯಿಲ್ ವಿದ್ಯುತ್ತನ್ನೇ ಶಾಖವಾಗಿಸುತ್ತದೆ. ಹೀಟ್ ಪಂಪ್ ಹಾಗಲ್ಲ, ಹೊರಗಿನ ಗಾಳಿಯಲ್ಲಿರುವ ಶಾಖವನ್ನು ಹೀರಿ ಟ್ಯಾಂಕಿನ ನೀರಿಗೆ ದಾಟಿಸುತ್ತದೆ. ಫ್ಯಾನ್ ಎಳೆದ ಗಾಳಿಯಿಂದ ಶೀತಕ ಆವಿಯಾಗುತ್ತದೆ, ಕಂಪ್ರೆಸರ್ ಆ ಆವಿಯನ್ನು ಒತ್ತಿ ಬಿಸಿಯೇರಿಸುತ್ತದೆ, ಅದು ಮತ್ತೆ ದ್ರವವಾಗುವಾಗ ಬಿಟ್ಟ ಶಾಖ ನೀರಿಗೆ ಸೇರುತ್ತದೆ. ಫ್ರಿಜ್ ಮಾಡುವ ಕೆಲಸವೇ ಇದು, ತಿರುವುಮುರುವಾಗಿ. ಬೆಂಗಳೂರಿನ ಬಹುಮಹಡಿ ಕಟ್ಟಡಗಳಿಗೆ ಇದು ಸರಿಹೊಂದೀತೇ ಎಂಬುದರಲ್ಲಿ ಎರಡು ವಾದಗಳಿವೆ.

ಪರ

ನೂರು ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಲು ಗೀಸರಿಗೆ ಸುಮಾರು 4 ಯೂನಿಟ್ ಬೇಕು. ಒಂದು ಪಾಲು ವಿದ್ಯುತ್ತಿಗೆ ಮೂರು ಪಾಲು ಶಾಖ ಕೊಡುವ ಹೀಟ್ ಪಂಪಿಗೆ ಒಂದೂವರೆ ಯೂನಿಟ್ಟಿನೊಳಗೇ ಕೆಲಸ ಮುಗಿಯುತ್ತದೆ. ಯುರೋಪಿನ ಚಳಿಗಾಲದಲ್ಲಿ ಈ ಯಂತ್ರಗಳ ಕಾಯಿಲ್ ಮೇಲೆ ಹಿಮ ಕಟ್ಟುವುದುಂಟು. ಜನವರಿಯ ಬೆಳಗಿನಲ್ಲೂ 15 ಡಿಗ್ರಿ ಆಸುಪಾಸಿರುವ ಬೆಂಗಳೂರಿನಲ್ಲಿ ಆ ಕಾಟವಿಲ್ಲ.

ಇದಕ್ಕಿಂತ ದೊಡ್ಡ ಲಾಭ ಟ್ಯಾಂಕಿನದು. ಐವತ್ತು ಮನೆಗಳಲ್ಲಿ 2 ಕಿಲೋವ್ಯಾಟಿನ ಗೀಸರುಗಳು ಬೆಳಿಗ್ಗೆ ಆರೂವರೆಗೆ ಒಟ್ಟಿಗೇ ಹೊತ್ತಿದರೆ ಕಟ್ಟಡದ ಮೇಲೆ 100 ಕಿಲೋವ್ಯಾಟ್ ಹೊರೆ ಬೀಳುತ್ತದೆ. ಟ್ಯಾಂಕ್ ಇದ್ದರೆ ನೀರು ಕಾಯಿಸುವ ಹೊತ್ತಿಗೂ ಬಳಸುವ ಹೊತ್ತಿಗೂ ಗಂಟು ಬೀಳುವುದಿಲ್ಲ. ಜಪಾನಿನಲ್ಲಿ 2001ರಿಂದ ಮಾರಾಟವಾಗುತ್ತಿರುವ ‘ಇಕೊ ಕ್ಯೂಟ್’ ಮಾದರಿಗಳು ರಾತ್ರಿಯ ಅಗ್ಗದ ವಿದ್ಯುತ್ತಿನಲ್ಲಿ ನೀರು ಕಾಯಿಸಿಡುತ್ತ ಬಂದಿವೆ. ಪಾವಗಡದಂಥ ಸೌರ ಪಾರ್ಕುಗಳಿರುವ ಕರ್ನಾಟಕದಲ್ಲಿ ಆ ಹೊತ್ತು ನಡುಹಗಲಾಗಬಹುದು.

ಸೋಲಾರ್ ಹೀಟರ್ ಇರುವಾಗ ಇದೇಕೆ ಎನ್ನುವವರಿಗೆ ಉತ್ತರ ತಾರಸಿಯಲ್ಲೇ ಇದೆ. ದಿನಕ್ಕೆ ನೂರು ಲೀಟರಿಗೆ ಸುಮಾರು 2 ಚದರ ಮೀಟರ್ ಫಲಕ ಬೇಕು. ಎಂಬತ್ತು ಮನೆಗಳಿಗೆ ಫಲಕಗಳೇ 160 ಚದರ ಮೀಟರ್. ನೆರಳು ತಪ್ಪಿಸುವ ಅಂತರ, ಓವರ್‌ಹೆಡ್ ಟ್ಯಾಂಕ್, ಲಿಫ್ಟ್ ಕೋಣೆ ಬೇರೆ. ಸಾಲುಸಾಲು ಮೋಡದ ಜುಲೈನಲ್ಲಿ ಅಷ್ಟೂ ಫಲಕಗಳಿಗೆ ವಿದ್ಯುತ್ ಕಾಯಿಲಿನ ಊರುಗೋಲು ಬೇಕಾಗುತ್ತದೆ. ಹಾಸ್ಟೆಲ್, ಆಸ್ಪತ್ರೆ, ಹೋಟೆಲುಗಳಂತೆ ದಿನವಿಡೀ ಬಿಸಿನೀರು ಹರಿಯುವ ಕಡೆ ಹೀಟ್ ಪಂಪಿನ ಪರವಾದ ವಾದವನ್ನು ಅಲ್ಲಗಳೆಯುವುದು ಕಷ್ಟ.

ವಿರೋಧ

ಮನೆಯ ಲೆಕ್ಕ ಬೇರೆ. ನಾಲ್ವರು ದಿನಕ್ಕೆ ತಲಾ ಒಂದು ಬಕೆಟ್, ಅಂದರೆ 20 ಲೀಟರ್, 40 ಡಿಗ್ರಿಯ ನೀರು ಮೀಯುತ್ತಾರೆ ಎನ್ನೋಣ. ಅದಕ್ಕೆ ಗೀಸರ್ ಸುಡುವುದು ಒಂದೂವರೆ ಯೂನಿಟ್ ಕೂಡ ಅಲ್ಲ. ಇದೇ ಮನೆಗೆ 200 ಲೀಟರಿನ ಹೀಟ್ ಪಂಪ್ ಟ್ಯಾಂಕ್ ಇಟ್ಟರೆ, ನಲ್ಲಿ ತಿರುಗಿಸದಿದ್ದರೂ ದಿನಕ್ಕೆ ಒಂದು ಯೂನಿಟ್ಟಿನಷ್ಟು ಶಾಖ ಗೋಡೆಗಳ ಮೂಲಕ ಸೋರುತ್ತದೆ. ಅದನ್ನೂ ತುಂಬಿಕೊಂಡ ಮೇಲೆ ತಿಂಗಳಿಗೆ ಉಳಿಯುವುದು ಇಪ್ಪತ್ತು ಯೂನಿಟ್ ಆಸುಪಾಸು. ಗೀಸರಿಗಿಂತ ಹಲವು ಪಟ್ಟು ದುಬಾರಿಯಾದ ಯಂತ್ರ ಇಷ್ಟರಿಂದ ಅಸಲು ತೀರಿಸಲು ವರ್ಷಗಳೇ ಬೇಕು. 2023ರಿಂದ ಗೃಹಜ್ಯೋತಿಯಲ್ಲಿ ಶೂನ್ಯ ಬಿಲ್ ಪಡೆಯುತ್ತಿರುವ ಮನೆಗೆ ಉಳಿದ ಯೂನಿಟ್ಟು ದುಡ್ಡಾಗುವುದೇ ಇಲ್ಲ. ಶವರಿನ ಕೆಳಗೆ ಹತ್ತು ನಿಮಿಷ ನಿಲ್ಲುವ ಕುಟುಂಬಕ್ಕೆ ಈ ಆಕ್ಷೇಪ ಇಷ್ಟೇ ಬಲವಾಗಿ ತಟ್ಟದು.

ಕಟ್ಟಡಕ್ಕೆಲ್ಲ ಒಂದೇ ಟ್ಯಾಂಕ್ ಎಂದರೆ ಪೈಪುಗಳ ಪ್ರಶ್ನೆ ಬರುತ್ತದೆ. ನಲ್ಲಿ ತಿರುಗಿಸಿದ ಕೂಡಲೇ ಬಿಸಿನೀರು ಬರಬೇಕಾದರೆ ಅದು ಪೈಪಿನಲ್ಲಿ ಸುತ್ತುತ್ತಲೇ ಇರಬೇಕು. ಹೊದಿಕೆ ಕಳಪೆಯಾದರೆ ಉಳಿತಾಯವೆಲ್ಲ ಡಕ್ಟಿನೊಳಗೇ ಕರಗುತ್ತದೆ. ಹಾಗೆಂದು ನೀರನ್ನು 45 ಡಿಗ್ರಿಯಲ್ಲಿ ಇಡುವಂತಿಲ್ಲ, ಆ ಬೆಚ್ಚಗಿನಲ್ಲಿ ನ್ಯುಮೋನಿಯಾ ತರುವ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತದೆ. 60 ಡಿಗ್ರಿಗೆ ಏರಿಸಿದರೆ ಯಂತ್ರದ ದಕ್ಷತೆ ಇಳಿಯುತ್ತದೆ.

ನಿಧಾನ ಇನ್ನೊಂದು ತೊಡಕು. 25 ಲೀಟರಿನ ಗೀಸರ್ ಅರ್ಧ ಗಂಟೆಯಲ್ಲಿ ಸಿದ್ಧ. ಬರಿದಾದ 200 ಲೀಟರ್ ಟ್ಯಾಂಕನ್ನು ಮನೆಬಳಕೆಯ ಹೀಟ್ ಪಂಪ್ ಮತ್ತೆ ಕಾಯಿಸಲು ನಾಲ್ಕು ಗಂಟೆಯಾದರೂ ಹಿಡಿಯಬಹುದು. ಹಬ್ಬದ ಬೆಳಿಗ್ಗೆ ನೆಂಟರಿದ್ದರೆ ಒಳಗಿನ ಕಾಯಿಲನ್ನೇ ಹಾಕಬೇಕು, ಆಗ ಅದು ದುಬಾರಿ ಗೀಸರ್ ಅಷ್ಟೇ. ಯಂತ್ರವನ್ನು ಕಿಟಕಿ ಮುಚ್ಚಿದ ಯುಟಿಲಿಟಿಯಲ್ಲಿ ಕೂರಿಸುವುದೂ ತಪ್ಪು: ಅದು ತಾನು ತಣಿಸಿದ ಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ.

ಬೋರ್‌ವೆಲ್‌ನ ಗಡಸು ನೀರು ಶಾಖ ದಾಟಿಸುವ ಕೊಳವೆಗೆ ಸುಣ್ಣ ಕಟ್ಟಿಸುತ್ತದೆ. ತುಕ್ಕು ತಡೆಯುವ ಮೆಗ್ನೀಸಿಯಂ ಕಡ್ಡಿಯನ್ನು ಆಗಾಗ ಬದಲಿಸಬೇಕು. ಹಲವು ಯಂತ್ರಗಳಲ್ಲಿರುವ ಆರ್134ಎ ಶೀತಕ ಸೋರಿದರೆ ಒಂದು ಕಿಲೋ 1,400ಕ್ಕೂ ಹೆಚ್ಚು ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಶಾಖ ಹಿಡಿದಿಡುತ್ತದೆ. ಪ್ರೊಪೇನ್ ಬಳಸುವ ಮಾದರಿಗಳಲ್ಲಿ ಈ ದೋಷವಿಲ್ಲ, ಆದರೆ ಅದು ಹೊತ್ತಿಕೊಳ್ಳುವ ಅನಿಲ. ರಿಪೇರಿಗೆ ಗೀಸರಿನ ಎಲೆಕ್ಟ್ರಿಷಿಯನ್ ಸಾಲುವುದಿಲ್ಲ, ಎಸಿ ಕೆಲಸ ಬಲ್ಲವರನ್ನೇ ಕರೆಯಬೇಕು.